ಎರಡು ಗೆರೆ ಕೂಡಿದ ಜಾಗ

ಮುಕ್ತ ಮಾಹಿತಿಕೋಶದಲ್ಲಿ ಎರಡು ಪುಟಗಳನ್ನು ಕೂಡಿಸಲು ಅರ್ಧ ನಿಮಿಷ ಸಾಕು. ಈ ಪುಟದ ಸಂಖ್ಯೆ ಹಾಕು, ಆ ಪುಟದ ಸಂಖ್ಯೆ ಹಾಕು, ‘ವಿಲೀನ’ ಒತ್ತು, ಮುಗಿಯಿತು. ಜೂನ್ ಕೊನೆಯ ಒಂದು ಮಧ್ಯಾಹ್ನ ಕೊಚ್ಚಿಯ ಪಾಲಾರಿವಟ್ಟಂನ ನಮ್ಮ ಕಚೇರಿಯಲ್ಲಿ, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿಯನ್ನು ಅರ್ಧ ತಿಂದು ಎಡಗೈಯಲ್ಲಿ ಹಿಡಿದುಕೊಂಡೇ ನಾನು ಆ ಕೆಲಸ ಮಾಡಿದೆ. ಮಾಡಿ ಬಹಳ ಹೆಮ್ಮೆಪಟ್ಟೆ. ಆ ಹೆಮ್ಮೆ ಎರಡು ವಾರ ಉಳಿಯಿತು; ಆಮೇಲೆ ನನಗೆ ಊಟ ಸೇರಿದ್ದು ಅಷ್ಟಕ್ಕಷ್ಟೇ.

ನಮ್ಮ ಯೋಜನೆಯ ಕೆಲಸ ಹೇಳಲು ಸುಲಭ. ತಿರುವನಂತಪುರದ ಕರಾವಳಿಯ ಮೀನುಗಾರರು ಕಡಲೊಳಗಿನ ಜಾಗಗಳಿಗೆ ಇಟ್ಟಿರುವ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು. ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಒಂದು ಮಾಹಿತಿಕೋಶಕ್ಕೆ ಅವನ್ನು ಸೇರಿಸುವುದು. ಒಂದು ಬಂಡೆಗೆ ಒಂದು ಪುಟ. ಅದರ ಹೆಸರು, ಅಲ್ಲಿ ಸಿಗುವ ಮೀನು, ಹೇಳಿದವರ ಊರು, ಹೀಗೆ ಒಂದೊಂದೇ ಸಾಲು. ನಾನು ಮಂಜೇಶ್ವರದವಳಾದ್ದರಿಂದ ಮಲಯಾಳ ಬರುತ್ತದೆ, ಹಾಗಾಗಿ ಕೇಳಿ ಬರೆದುಕೊಳ್ಳುವ ಪಾಲು ನನ್ನದು. ಭೂಪಟ ಮತ್ತು ಲೆಕ್ಕದ ಪಾಲು ಗದಗದಿಂದ ಬಂದ ಒಬ್ಬ ಹುಡುಗಿಯದು. ಮೇಲೊಬ್ಬರು ಮುಖ್ಯಸ್ಥರು, ಅವರನ್ನು ಎಲ್ಲರೂ ಸರ್ ಎನ್ನುತ್ತೇವೆ. ಇಷ್ಟೇ ಜನ.

ಮೀನುಗಾರರು ಕಡಲ ನಡುವೆ ಬಂಡೆಯನ್ನು ಹೇಗೆ ಹುಡುಕುತ್ತಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ದೋಣಿಯಿಂದ ದಡದ ಕಡೆ ನೋಡುತ್ತಾರೆ. ಹಿಂದಿನ ಒಂದು ಗುಡ್ಡದ ತುದಿ, ಮುಂದಿನ ಒಂದು ಗೋಪುರದ ತುದಿಗೆ ಸರಿಯಾಗಿ ಬಂದು ನಿಂತಾಗ ಒಂದು ಗೆರೆ ಸಿಕ್ಕಿತು. ದೋಣಿ ಆ ಗೆರೆಯ ಮೇಲೆ ಎಲ್ಲೋ ಇದೆ. ಹಾಗೆಯೇ ಇನ್ನೊಂದು ದಿಕ್ಕಿಗೆ ಇನ್ನೆರಡು ಗುರುತು, ಇನ್ನೊಂದು ಗೆರೆ. ಎರಡೂ ಗೆರೆ ಕೂಡಿದಲ್ಲಿ ಗಾಳ ಬಿಟ್ಟರೆ ಕೆಳಗೆ ಬಂಡೆ. ಒಂದೇ ಗೆರೆ ಗೊತ್ತಿದ್ದರೆ ಕಡಲೆಲ್ಲ ಸುತ್ತಬೇಕು, ಏನೂ ಸಿಗುವುದಿಲ್ಲ.

ಹಿಂದಿನ ಚಳಿಗಾಲದಲ್ಲಿ ಆ ಕರಾವಳಿಯ ವಿಳಿಂಜಂ ಎಂಬ ಊರಿನ ಒಬ್ಬ ಹಿರಿಯರ ಬಳಿ ಹತ್ತು ಸಲ ಕೂತಿದ್ದೆ. ಎಪ್ಪತ್ತು ದಾಟಿದ ಅವರನ್ನು ಅಲ್ಲಿಯ ರೂಢಿಯಂತೆ ನಾನೂ ಅಪ್ಪಚ್ಚನ್ ಎನ್ನುತ್ತಿದ್ದೆ. ಅವರು ನನ್ನನ್ನು ಮೋಳೆ ಎನ್ನುತ್ತಿದ್ದರು, ಮಗಳೇ ಎಂದು. ಅವರು ತಮ್ಮ ಮನೆತನದ ಒಂದು ಬಂಡೆಯ ಬಗ್ಗೆ ಹೇಳಿ, ಒಂದು ಗೆರೆಯನ್ನು ಮಾತ್ರ ಕೊಟ್ಟರು. ಎರಡನೆಯದು ಕೇಳಿದರೆ ನಕ್ಕು ಚಹಾ ಕುಡಿ ಎಂದರು. ಮೇ ತಿಂಗಳಲ್ಲಿ ಅಲ್ಲಿಂದ ತೆಂಕಣಕ್ಕಿರುವ ಇನ್ನೊಂದು ಕಡಲೂರಿನಲ್ಲಿ ಅವರ ತಮ್ಮನನ್ನು ಭೇಟಿಯಾದೆ. ಮದುವೆಯಾಗಿ ಹೆಂಡತಿಯ ಊರಿಗೆ ಹೋಗಿ ನೆಲೆಸಿದವರು. ಅವರೂ ಒಂದು ಬಂಡೆಯ ಬಗ್ಗೆ ಹೇಳಿದರು, ಬೇರೆ ಹೆಸರಿನಲ್ಲಿ. ಅವರೂ ಒಂದೇ ಗೆರೆ ಕೊಟ್ಟರು. ಎರಡು ಪುಟ ಮಾಡಿದೆ. ಒಂದನ್ನು ಇಲ್ಲಿ ಹಿರಿಬಂಡೆ ಎನ್ನುತ್ತೇನೆ, ಇನ್ನೊಂದನ್ನು ಸೊಪ್ಪಿನಬಂಡೆ. ಎರಡೂ ಈಗ ನಾನು ಇಟ್ಟ ಸುಳ್ಳು ಹೆಸರು.

ಜೂನ್‌ನಲ್ಲಿ ಧ್ವನಿಮುದ್ರಣಗಳನ್ನು ಮತ್ತೆ ಕೇಳುತ್ತಿದ್ದಾಗ ಕಿವಿ ನೆಟ್ಟಗಾಯಿತು. ಅಣ್ಣ ಹೇಳಿದ್ದರು: ಅಪ್ಪನ ಲಂಗರು ಆ ಬಂಡೆಯಲ್ಲಿ ಸಿಕ್ಕಿಕೊಂಡು ಹಗ್ಗ ಕೊಯ್ದು ಬರಬೇಕಾಯಿತು ಎಂದು. ತಮ್ಮನೂ ತಮ್ಮ ಬಂಡೆಯ ಬಗ್ಗೆ ಅದನ್ನೇ ಹೇಳಿದ್ದರು: ಅಪ್ಪನ ಲಂಗರು ಇನ್ನೂ ಅಲ್ಲೇ ಇದೆ ಎಂದು. ಅಂದರೆ ಹಿರಿಬಂಡೆ, ಸೊಪ್ಪಿನಬಂಡೆ ಎರಡೂ ಒಂದೇ. ಮುಕ್ತ ಮಾಹಿತಿಕೋಶದಲ್ಲಿ ದುಡಿಯುವವರಿಗೆ ಇದಕ್ಕಿಂತ ಸಂತೋಷದ ವಿಷಯವಿಲ್ಲ. ಒಂದೇ ವಸ್ತುವಿಗೆ ಎರಡು ಪುಟ ಇರುವುದು ನಮಗೆ ಅಂಗಿಯ ಗುಂಡಿ ತಪ್ಪಿ ಹಾಕಿದಂತೆ. ಕಂಡರೆ ಕೈ ಸುಮ್ಮನಿರುವುದಿಲ್ಲ. ಕೂಡಿಸಿದೆ. ಸರ್ ಕರೆದು ಭೇಷ್ ಎಂದರು. ಸೆಪ್ಟೆಂಬರ್ ವರದಿಯಲ್ಲಿ ಇದೇ ಮುಖ್ಯ ಅಧ್ಯಾಯ ಎಂದರು.

ಗದಗದ ಹುಡುಗಿ ಒಂದು ಸಣ್ಣ ಪ್ರೋಗ್ರಾಂ ಬರೆದಿಟ್ಟಿದ್ದಳು. ಎರಡು ಗೆರೆ ಇರುವ ಪುಟ ಕಂಡರೆ, ಗುಡ್ಡಗಳ ಎತ್ತರ, ಗೋಪುರಗಳ ಜಾಗ ಎಲ್ಲವನ್ನೂ ನಕ್ಷೆಯಿಂದ ತೆಗೆದುಕೊಂಡು, ಗೆರೆಗಳು ಕೂಡುವ ಅಕ್ಷಾಂಶ ರೇಖಾಂಶವನ್ನು ಅದೇ ಲೆಕ್ಕ ಹಾಕಿ ಪುಟಕ್ಕೆ ಸೇರಿಸುತ್ತಿತ್ತು. ವಾರಕ್ಕೊಮ್ಮೆ, ತಾನಾಗಿಯೇ. ಅಲ್ಲಿಯವರೆಗೆ ನೂರ ನಲವತ್ತು ಬಂಡೆಗಳಿಗೆ ಹಾಗೆ ಮಾಡಿತ್ತು; ಅವೆಲ್ಲ ಊರಿಗೇ ಗೊತ್ತಿದ್ದ ಬಂಡೆಗಳು. ಆ ಶನಿವಾರ ನಮ್ಮ ಹೊಸ ಪುಟವೂ ಅದರ ಕಣ್ಣಿಗೆ ಬಿತ್ತು. ಒಬ್ಬ ಅಣ್ಣನ ಒಂದು ಗೆರೆ, ಒಬ್ಬ ತಮ್ಮನ ಒಂದು ಗೆರೆ. ಐದು ದಶಾಂಶ ಸ್ಥಾನದವರೆಗೆ ಒಂದು ಚುಕ್ಕೆ.

ನನಗೆ ಇದು ತಿಳಿದದ್ದು ಜುಲೈ ನಡುವಿನಲ್ಲಿ. ಕಲೂರ್‌ನ ಪಿ.ಜಿ.ಯಿಂದ ಹೊರಟು ಮೆಟ್ರೋದಲ್ಲಿ ನಿಂತು ಫೋನ್ ನೋಡಿದೆ. ಮಾಹಿತಿಕೋಶದ ನನ್ನ ಚರ್ಚಾಪುಟದಲ್ಲಿ ಗೊತ್ತಿಲ್ಲದ ಯಾರೋ ಎರಡು ಸಾಲು ಬರೆದಿದ್ದರು: ಈ ಬಂಡೆಯ ಸ್ಥಾನ ಕೊಟ್ಟಿದ್ದಕ್ಕೆ ಧನ್ಯವಾದ, ಆಳ ಎಷ್ಟೆಂದು ತಿಳಿಸಬಹುದೇ? ಆ ವ್ಯಕ್ತಿಯ ಹೆಸರಿನಲ್ಲಿ ಅದಕ್ಕೆ ಮುಂಚೆ ಒಂದು ಅಕ್ಷರವೂ ಇರಲಿಲ್ಲ. ಈ ಪ್ರಶ್ನೆ ಕೇಳುವುದಕ್ಕೆಂದೇ ಖಾತೆ ತೆರೆದಂತಿತ್ತು.

ನಾನು ಮೊದಲೇ ಪುಕ್ಕಲಿ. ಗ್ಯಾಸ್ ಆರಿಸಿದ್ದೇನಾ ಎಂದು ಬಾಗಿಲಿನಿಂದ ಮೂರು ಸಲ ಹಿಂದೆ ಬರುವವಳು. ಆದರೆ ಆ ದಿನದ್ದು ಅಂಥ ಹೆದರಿಕೆಯಲ್ಲ. ಅಪ್ಪಚ್ಚನ್ ಹಿಂದೊಮ್ಮೆ ಹೇಳಿದ್ದು ತಲೆಯಲ್ಲಿ ಸುತ್ತತೊಡಗಿತು. ಅವರ ಬಾಲ್ಯದ ಇನ್ನೊಂದು ಬಂಡೆಯ ಗುರುತನ್ನು ಯಾರೋ ಹೊರಗಿನವರಿಗೆ ಹೇಳಿದರಂತೆ. ನಾಲ್ಕು ದೊಡ್ಡ ದೋಣಿ ಬಂದು ಒಂದು ವಾರ ನಿಂತವು, ಆಮೇಲೆ ಅಲ್ಲಿ ಗಾಳಕ್ಕೆ ಕಲ್ಲು ಕೂಡ ಕಚ್ಚಲಿಲ್ಲ ಎಂದಿದ್ದರು. ಈಗ ಉಳಿದಿದ್ದು ಇದೊಂದೇ. ಅವರು, ಅವರ ಅಳಿಯ, ತಮ್ಮನ ಮನೆಯವರು, ಬೇರೆಲ್ಲೂ ಮೀನಿಲ್ಲದ ತಿಂಗಳುಗಳಲ್ಲಿ ಇದರ ಮೇಲೆಯೇ ಬದುಕುತ್ತಿದ್ದರು. ದೊಡ್ಡ ಬೋಟುಗಳು ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ದಡದಲ್ಲಿದ್ದವು. ನಿಷೇಧ ಮುಗಿಯಲು ಹದಿನೇಳು ದಿನ ಉಳಿದಿತ್ತು. ಮೆಟ್ರೋ ಪಾಲಾರಿವಟ್ಟಂ ದಾಟಿ ಮುಂದಿನ ನಿಲ್ದಾಣಕ್ಕೆ ಹೋದದ್ದು ನನ್ನ ಗಮನಕ್ಕೆ ಬರಲಿಲ್ಲ.

ಕಚೇರಿಗೆ ಬಂದವಳೇ ಆ ಚುಕ್ಕೆಯನ್ನು ಅಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಅದು ಹಿಂದಕ್ಕೆ ಬಂದಿತ್ತು. ಎಲ್ಲೋ ಯಾವುದೋ ದೇಶದಲ್ಲಿ ಕೂತ ಒಬ್ಬ ಸ್ವಯಂಸೇವಕ, ‘ಕಾರಣ ಕೊಡದೆ ಮಾಹಿತಿ ತೆಗೆಯಬೇಡಿ’ ಎಂದು ಬರೆದು ಮರುಸ್ಥಾಪಿಸಿದ್ದ. ತಪ್ಪು ಅವನದಲ್ಲ, ಬೇರೆ ದಿನವಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮತ್ತೆ ಅಳಿಸಿದೆ, ಕಾರಣ ಕೊಟ್ಟೆ: ಇದು ಒಂದು ಮನೆತನದ ಗುಟ್ಟು ಎಂದು. ಬರೆದ ಮೇಲೆ ನಾಲಗೆ ಕಚ್ಚಿಕೊಂಡೆ. ಆ ಮಾಹಿತಿಕೋಶದಲ್ಲಿ ಅಳಿಸಿದ್ದೂ ಇತಿಹಾಸದ ಪಟ್ಟಿಯಲ್ಲಿ ಉಳಿಯುತ್ತದೆ, ಅಳಿಸಿದ ಕಾರಣವೂ ಉಳಿಯುತ್ತದೆ. ಗುಟ್ಟು ಇಲ್ಲಿದೆ ಎಂದು ನಾನೇ ಬೋರ್ಡು ನೆಟ್ಟಂತಾಯಿತು. ಅವನು ಚುಕ್ಕೆಯನ್ನು ಮತ್ತೆ ಹಾಕಿ, ನಿಯಮಗಳ ಬಗ್ಗೆ ನಾಲ್ಕು ಸಾಲು ಗದರಿಸಿ ಬರೆದ.

ಅಷ್ಟಕ್ಕೇ ನಿಲ್ಲಲಿಲ್ಲ. ನಿರ್ವಾಹಕರಲ್ಲಿ ಒಬ್ಬರಿಗೆ ಬರೆದೆ, ಇತಿಹಾಸವನ್ನೂ ಮುಚ್ಚಿಡಿ ಎಂದು. ಅವರು ಸಭ್ಯವಾಗಿಯೇ ಉತ್ತರಿಸಿದರು: ಮುಚ್ಚಿಡುವುದು ವ್ಯಕ್ತಿಗಳ ಖಾಸಗಿ ವಿವರಗಳನ್ನು ಮಾತ್ರ, ಕಡಲ ಬಂಡೆ ಯಾರ ಖಾಸಗಿಯೂ ಅಲ್ಲ, ಬೇಕಿದ್ದರೆ ಸಮುದಾಯದ ಅಭಿಪ್ರಾಯ ಕೇಳೋಣ. ನಾನು ಬೇಡ ಎನ್ನುವ ಮೊದಲೇ ಎಲ್ಲರೂ ನೋಡುವ ಚರ್ಚೆಯ ಅಂಗಳದಲ್ಲಿ ‘ಒಂದು ಬಂಡೆಯ ಸ್ಥಾನವನ್ನು ಗುಟ್ಟಾಗಿಡಬೇಕೆ?’ ಎಂಬ ಶೀರ್ಷಿಕೆ ಎದ್ದು ನಿಂತಿತು. ಕೆಳಗೆ ಪುಟದ ಕೊಂಡಿ. ಅದುವರೆಗೆ ದಿನಕ್ಕೆ ಇಬ್ಬರು ಮೂವರು ನೋಡುತ್ತಿದ್ದ ಪುಟವನ್ನು ಸಂಜೆಯೊಳಗೆ ಎಷ್ಟೋ ಜನ ತೆರೆದರು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಮರುದಿನ ಗದಗದವಳು ಇನ್ನೊಂದು ಸುದ್ದಿ ತಂದಳು. ಗಾಳ ಹಾಕುವ ಹವ್ಯಾಸಿಗಳು ಬಳಸುವ ಒಂದು ಫೋನ್ ಆ್ಯಪ್, ಮುಕ್ತ ಮಾಹಿತಿಕೋಶದಿಂದ ವಾರಕ್ಕೊಮ್ಮೆ ಎಲ್ಲ ಕಡಲ ಜಾಗಗಳನ್ನು ಎಳೆದುಕೊಳ್ಳುತ್ತಿತ್ತು. ಅವಳ ಫೋನಿನಲ್ಲಿ ನೀಲಿ ಕಡಲಿನ ಮೇಲೆ ನಮ್ಮ ಚುಕ್ಕೆ ಮಿನುಗುತ್ತಿತ್ತು. ಆ್ಯಪ್‌ನವರಿಗೆ ಮೂರು ಇ-ಮೇಲ್ ಬರೆದೆವು. ಉತ್ತರ ಬರಲಿಲ್ಲ.

ಸರ್ ಬಳಿ ಹೋದೆ. ಅಣ್ಣತಮ್ಮ ಇಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ, ಹೇಳಿದ್ದನ್ನಷ್ಟೇ ಹಾಕಿದ್ದೇವೆ, ಇದರಲ್ಲಿ ತಪ್ಪು ಎಲ್ಲಿದೆ ಎಂದು ಕೇಳಿದರು. ಮುಕ್ತ ಎಂದ ಮೇಲೆ ಮುಕ್ತ. ನಮಗೆ ಬೇಡವಾದದ್ದನ್ನು ಮುಚ್ಚುತ್ತಾ ಹೋದರೆ ನಮ್ಮನ್ನು ಯಾರು ನಂಬುತ್ತಾರೆ ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಹೆದರುವುದು ನಿನ್ನ ಸ್ವಭಾವ, ನಾಲ್ಕು ದಿನ ಬಿಡು, ಎಲ್ಲರೂ ಮರೆಯುತ್ತಾರೆ ಎಂದು ಮಾತು ಮುಗಿಸಿದರು. ನನ್ನ ಗುತ್ತಿಗೆ ಆಗಸ್ಟ್‌ನಲ್ಲಿ ನವೀಕರಣವಾಗಬೇಕಿತ್ತು, ಕಾಗದ ಅವರ ಮೇಜಿನ ಮೇಲಿತ್ತು. ಅದನ್ನೂ ನೋಡಿಕೊಂಡೇ ಹೊರಗೆ ಬಂದೆ ಎಂದು ಒಪ್ಪಿಕೊಳ್ಳುತ್ತೇನೆ.

ಗದಗದವಳು ನನ್ನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಅವಳಿಗೂ ನಿದ್ದೆ ಇರಲಿಲ್ಲ, ಪ್ರೋಗ್ರಾಂ ಅವಳದಲ್ಲವೇ.

“ಅಕ್ಕಾ, ಒಂದು ಕೆಲಸ ಮಾಡೂಣು. ಚುಕ್ಕಿ ಅಳಸೂದು ಬ್ಯಾಡ. ಎರಡು ಕಿಲೋಮೀಟರ್ ಆಚೆ ಸರಿಸಿಬಿಡೂಣು. ಯಾರಿಗೂ ಗೊತ್ತಾಗಂಗಿಲ್ಲ.”

ಒಳ್ಳೆಯ ಉಪಾಯ. ಅಂಕಿಗಳನ್ನು ತಿದ್ದಿಯೂ ಬಿಟ್ಟೆ. ‘ಉಳಿಸು’ ಗುಂಡಿಯ ಮೇಲೆ ಬೆರಳು ಇತ್ತು. ಆಗ ಒಂದು ಸಣ್ಣ ದೋಣಿ ಕಣ್ಣಿಗೆ ಕಟ್ಟಿತು. ಜುಲೈ ತಿಂಗಳ ಅಲೆಯಲ್ಲಿ, ನನ್ನ ಸುಳ್ಳು ಚುಕ್ಕೆಯನ್ನು ನಂಬಿ, ಏನೂ ಇಲ್ಲದ ಜಾಗದಲ್ಲಿ ಸುತ್ತುವ ದೋಣಿ. ಅದರಲ್ಲಿ ಯಾರಿರುತ್ತಾರೋ. ಅಲ್ಲದೆ ನಮ್ಮ ಉಳಿದ ನೂರ ನಲವತ್ತು ಚುಕ್ಕೆಗಳ ಗತಿ? ಒಂದನ್ನು ಸುಳ್ಳು ಮಾಡಿದರೆ ಎಲ್ಲವೂ ಸುಳ್ಳೇ.

“ಬೇಡ ಮಾರಾಯ್ತಿ, ಇದು ಇನ್ನೂ ಹೆದರಿಕೆಯದ್ದು,” ಎಂದು ಪುಟ ಮುಚ್ಚಿದೆ.

ಮೂರು ದಿನ ದಾರಿ ಕಾಣಲಿಲ್ಲ. ನಾಲ್ಕನೆಯ ದಿನ, ಆ ಸ್ವಯಂಸೇವಕ ನನ್ನನ್ನು ಗದರಿಸಿದ ಸಾಲುಗಳನ್ನು ಮತ್ತೆ ಓದುತ್ತಿದ್ದೆ. ಮಾಹಿತಿಕೋಶದ ನಿಯಮ ಒಂದೇ ಎಂದು ಅವನು ಬರೆದಿದ್ದ: ಯಾವುದೇ ಹೇಳಿಕೆಗೆ ಪ್ರಕಟಿತ ಆಧಾರ ಬೇಕು. ಓದಿ ಓದಿ ಬಾಯಿಪಾಠವಾಗಿದ್ದ ಆ ವಾಕ್ಯ ಆಗ ತಟ್ಟನೆ ಹೊಳೆಯಿತು. ಹಿರಿಬಂಡೆಯೂ ಸೊಪ್ಪಿನಬಂಡೆಯೂ ಒಂದೇ ಎಂಬುದಕ್ಕೆ ಪ್ರಕಟಿತ ಆಧಾರ ಎಲ್ಲಿದೆ? ಒಂದೊಂದು ಗೆರೆಗೆ ನಾವು ಪ್ರಕಟಿಸಿದ್ದ ಹೆಸರುಪಟ್ಟಿಯ ಆಧಾರವಿತ್ತು, ಇದಕ್ಕೆ ಎಲ್ಲೂ ಇಲ್ಲ. ಇದ್ದದ್ದು ನನ್ನ ಬಳಿಯ ಎರಡು ಧ್ವನಿಮುದ್ರಣಗಳಲ್ಲಿ, ಒಂದು ಲಂಗರಿನ ಮಾತಿನಲ್ಲಿ. ಅವು ಇನ್ನೂ ಹೊರಗೆ ಬಂದಿರಲಿಲ್ಲ. ಅವರ ನಿಯಮದ ಪ್ರಕಾರವೇ ನನ್ನ ವಿಲೀನ ನಿಲ್ಲುವಂಥದ್ದಲ್ಲ. ವಿಲೀನ ಹೋದರೆ ಗೆರೆಗಳು ಬೇರೆಯಾಗುತ್ತವೆ, ಚುಕ್ಕೆಗೆ ಕಾಲೇ ಇರುವುದಿಲ್ಲ.

ಆದರೆ ಅದನ್ನು ನಾನೇ, ನನ್ನ ಹೆಸರಿನಲ್ಲೇ ಬರೆಯಬೇಕು. ಸರ್ ಭೇಷ್ ಎಂದ ಶೋಧವನ್ನು, ವರದಿಯ ಮುಖ್ಯ ಅಧ್ಯಾಯವನ್ನು, ಎಲ್ಲರೂ ಓದುವ ಜಾಗದಲ್ಲಿ ಬುಡವಿಲ್ಲದ್ದು ಎನ್ನಬೇಕು. ಸರ್‌ಗೆ ಹೇಳದೆಯೇ ಬರೆದೆ: ಈ ಎರಡು ಬಂಡೆಗಳು ಒಂದೇ ಎಂದು ನಾನು ಸೇರಿಸಿದ್ದಕ್ಕೆ ಪ್ರಕಟಿತ ಆಧಾರವಿಲ್ಲ, ಅದು ನನ್ನ ತೀರ್ಮಾನ ಮಾತ್ರ, ಹಿಂತೆಗೆದುಕೊಳ್ಳುತ್ತೇನೆ, ಲೆಕ್ಕ ಹಾಕಿದ ಸ್ಥಾನಕ್ಕೂ ಆಧಾರವಿಲ್ಲ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ, ಆದರೂ ಸುಳ್ಳು ಹೇಳಿದವಳಂತೆ ಕಿವಿ ಬಿಸಿಯಾಯಿತು. ಸ್ವಯಂಸೇವಕ ಒಪ್ಪಿದ. ಪುಟಗಳು ಮತ್ತೆ ಎರಡಾದವು. ಆಧಾರವಿಲ್ಲದ ಸ್ಥಾನ ಎಂದಾದ ಮೇಲೆ ನಿರ್ವಾಹಕರು ಇತಿಹಾಸದ ಆ ಸಾಲುಗಳನ್ನೂ ಮುಚ್ಚಿದರು, ಚರ್ಚೆಯನ್ನೂ ಮುಗಿಸಿದರು. ಗದಗದವಳು ತನ್ನ ಪ್ರೋಗ್ರಾಂ ನಿಲ್ಲಿಸಿದಳು. ಸರ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಗುತ್ತಿಗೆಯ ಕಾಗದದ ವಿಷಯ ಆಮೇಲೆ ನೋಡೋಣ ಎಂದರು. ಇದನ್ನು ಬರೆಯುವ ಹೊತ್ತಿಗೂ ಅವರು ನೋಡಿಲ್ಲ.

ಇಷ್ಟಾದ ಮೇಲೆ ಆ್ಯಪ್ ತೆರೆದು ನೋಡಿದೆವು. ನನ್ನ ಫೋನಿನಲ್ಲಿ ಚುಕ್ಕೆ ಹೋಗಿತ್ತು. ಗದಗದವಳ ಫೋನಿನಲ್ಲಿ ಇತ್ತು. ಅವಳು ಅಪ್‌ಡೇಟ್ ಮಾಡಿರಲಿಲ್ಲ. ಅಪ್‌ಡೇಟ್ ಮಾಡದವರು ಇನ್ನು ಎಲ್ಲೆಲ್ಲಿ ಎಷ್ಟು ಜನರಿದ್ದಾರೆ ಎಂದು ಯಾರನ್ನು ಕೇಳುವುದು?

ನಿಷೇಧ ಮುಗಿಯಲು ಐದು ದಿನ ಇದ್ದಾಗ ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆ. ಅಲ್ಲಿಯ ತಂಬಾನೂರು ನಿಲ್ದಾಣದಿಂದ ವಿಳಿಂಜಂ ಬಸ್ಸು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಲಯಾಳದಲ್ಲಿ ಜೋಡಿಸಿಕೊಂಡೆ, ಜೋಡಿಸಿದ್ದನ್ನು ಕೆಡವಿದೆ. ಬಂದರಿನ ಕ್ರೇನುಗಳು ಮಳೆಯ ಮಬ್ಬಿನಲ್ಲಿ ಅರ್ಧ ಕಾಣುತ್ತಿದ್ದವು. ಅಪ್ಪಚ್ಚನ್ ಬಲೆ ಇಡುವ ಕೊಟ್ಟಿಗೆಯಲ್ಲಿ ಕೂತು ಗಾಳಕ್ಕೆ ದಾರ ಕಟ್ಟುತ್ತಿದ್ದರು. ಅವರ ಮಗಳು ಹಾಲಿಲ್ಲದ ಚಹಾ ತಂದಿಟ್ಟು, ಮಳೆಗೆ ಯಾಕೆ ಬಂದೆ ಎಂದು ಕೇಳಿ ಒಳಗೆ ಹೋದಳು. ಚಹಾ ಮುಟ್ಟದೆ ಎಲ್ಲವನ್ನೂ ಹೇಳಿದೆ. ಲಂಗರಿನ ಮಾತು, ಪುಟಗಳನ್ನು ಕೂಡಿಸಿದ್ದು, ಚುಕ್ಕೆ, ಆಳ ಕೇಳಿದ ಆ ಅಪರಿಚಿತ, ಅಪ್‌ಡೇಟ್ ಆಗದ ಫೋನು. ಅವರು ದಾರ ಕಟ್ಟುವುದನ್ನು ನಿಲ್ಲಿಸಲಿಲ್ಲ.

“ತಮ್ಮ ಅವನ ಗೆರೆ ಹೇಳಿದನಾ?” ಎಂದರು ಕೊನೆಗೆ.

“ಹೇಳಿದರು. ಅವರದ್ದು ಮಾತ್ರ. ಇನ್ನೊಂದು ಕೇಳಿದ್ದಕ್ಕೆ ಅದು ಅಣ್ಣನದು ಅಂದರು.”

“ನಾನೂ ನನ್ನದು ಮಾತ್ರ ಹೇಳಿದ್ದು.” ದಾರದ ಗಂಟನ್ನು ಹಲ್ಲಿನಿಂದ ಬಿಗಿದರು. “ಹಾಗಾದರೆ ನಾವಿಬ್ಬರೂ ತಪ್ಪಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವರು ನಿಧಾನವಾಗಿ ಹೇಳಿದರು. ಅಪ್ಪ ಸಾಯುವ ಮುಂಚೆ ಇಬ್ಬರು ಮಕ್ಕಳಿಗೆ ಒಂದೊಂದು ಗೆರೆ ಕೊಟ್ಟಿದ್ದರಂತೆ. ಜೊತೆಗೆ ಹೋಗಿ ಹೋಗಿ ಇಬ್ಬರಿಗೂ ಎರಡೂ ಗೊತ್ತು. ಆದರೆ ಬಾಯಿಬಿಟ್ಟು ಹೇಳುವ ಹಕ್ಕು ಒಬ್ಬೊಬ್ಬರಿಗೆ ಒಂದೊಂದೇ. ಹಾಗಿದ್ದರೆ ಯಾರು ಕುಡಿದು ಬಡಬಡಿಸಿದರೂ, ಯಾರು ಮುನಿಸಿಕೊಂಡರೂ ಬಂಡೆ ಉಳಿಯುತ್ತದೆ ಎಂಬ ಲೆಕ್ಕ. ಇಬ್ಬರ ಬಾಯಿಂದಲೂ ಪ್ರೀತಿಯಿಂದ ಕೇಳಿ ತಂದು ಒಂದೇ ಕಡೆ ಇಡುವ ನನ್ನಂಥವಳು ಬರುತ್ತಾಳೆಂದು ಅವರಪ್ಪ ಎಣಿಸಿರಲಿಲ್ಲ. ಅಷ್ಟು ಜೋಪಾನವಾಗಿ ಹಂಚಿಟ್ಟದ್ದನ್ನು ನಾನು ಪಳಂಪೊರಿ ತಿನ್ನುತ್ತಾ ಕೂಡಿಸಿದ್ದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

“ಅಳಿಸಿದೆ ಅಂದೆಯಲ್ಲ ಮೋಳೆ. ನಿನ್ನ ತಲೆಯಿಂದ?”

ಆ ಅಂಕಿಗಳು ದಶಾಂಶದ ಐದನೆಯ ಸ್ಥಾನದವರೆಗೆ ನನಗೆ ಬಾಯಿಪಾಠವಾಗಿದ್ದವು. ಈಗಲೂ ಇವೆ. ಹಲ್ಲುಜ್ಜುವಾಗ, ರಸ್ತೆ ದಾಟುವಾಗ ತಾವಾಗಿಯೇ ಬರುತ್ತವೆ.

“ಎರಡೂ ಗೆರೆ ಗೊತ್ತಿರುವವನು ದೋಣಿಯಲ್ಲಿ ಇರಬೇಕು ಅಂತಿದ್ದರು ಅಪ್ಪ,” ಎಂದರು. “ದಡದಲ್ಲಿ ಕೂತವರಿಗೆ ಅದು ಯಾತಕ್ಕೆ?”

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಆಗಸ್ಟ್ ಒಂದರಿಂದ ತಾವಾಗಲಿ ತಮ್ಮನಾಗಲಿ ಆ ಕಡೆ ದೋಣಿ ತಿರುಗಿಸುವುದಿಲ್ಲ, ಕ್ರಿಸ್‌ಮಸ್ ಹಬ್ಬ ಬರುವ ತನಕವಂತೂ ಇಲ್ಲ. ಚುಕ್ಕೆ ನೋಡಿ ಅನುಮಾನದಲ್ಲಿರುವವನಿಗೆ ತಮ್ಮ ದೋಣಿಯೇ ಸಾಕ್ಷಿಯಾಗುವುದು ಬೇಡ ಎಂದು. ಅಂದರೆ ಕಳ್ಳ ಬಂದರೂ ಬರದಿದ್ದರೂ ಕ್ರಿಸ್‌ಮಸ್ಸಿನವರೆಗೆ ಅವರಿಗೆ ಆ ಬಂಡೆ ಇಲ್ಲ. ಅದು ಆಗಲೇ ಹೋಗಿತ್ತು, ನಾನೇ ತೆಗೆದಿದ್ದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಮಗಳಿಗೆ ಅದನ್ನು ಅವರು ಇನ್ನೂ ಹೇಳಿರಲಿಲ್ಲ.

ಕೊಚ್ಚಿಗೆ ಬಂದು ಲಂಗರಿನ ಮಾತಿರುವ ಭಾಗವನ್ನು ಎರಡೂ ಧ್ವನಿಮುದ್ರಣಗಳಿಂದ ಕತ್ತರಿಸಿದೆ. ಸಂಶೋಧನೆಯಲ್ಲಿ ಹಾಗೆ ಮಾಡಬಾರದು ಎಂದು ನನಗೆ ಗೊತ್ತು. ಕತ್ತರಿಸಿದ್ದೇನೆ ಎಂದು ಸರ್‌ಗೆ ಲಿಖಿತವಾಗಿ ಕೊಟ್ಟೆ.

ಆಗಸ್ಟ್ ಒಂದರಂದು ಯಾರೂ ಕರೆಯದೆಯೇ ಮತ್ತೆ ವಿಳಿಂಜಂಗೆ ಹೋದೆ. ಅಪ್ಪಚ್ಚನ್ ಕಡಲಿಗೆ ಇಳಿದಿರಲಿಲ್ಲ. ಬಂದರಿನ ಪಕ್ಕದ ಎತ್ತರದ ಕಟ್ಟೆಯ ಮೇಲೆ, ತಲೆಗೆ ತೋರ್ತ್ ಟವೆಲ್ ಕಟ್ಟಿಕೊಂಡು ನಿಂತಿದ್ದರು. ನಾನು ಬಂದದ್ದನ್ನು ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟರು, ಅಷ್ಟೇ. ಬಡಗಣ ಕಡೆಯಿಂದ ದೊಡ್ಡ ಬೋಟುಗಳು ಒಂದರ ಹಿಂದೆ ಒಂದು ಬಂದು ಹಾದುಹೋಗುತ್ತಿದ್ದವು. ಹನ್ನೊಂದು ಗಂಟೆಯ ಸುಮಾರಿಗೆ ಒಂದು ಬಿಳಿಯ ಬೋಟು ಸಾಲು ಬಿಟ್ಟು ಆಚೆ ತಿರುಗಿತು. ಆ ದಿಕ್ಕಿನಲ್ಲಿ ಏನಿದೆ ಎಂದು ಅಲ್ಲಿ ಸೇರಿದ್ದ ಅಷ್ಟು ಜನರಲ್ಲಿ ನಮಗಿಬ್ಬರಿಗೆ ಮಾತ್ರ ಗೊತ್ತಿತ್ತು. ಅದು ನಿಧಾನವಾಯಿತು. ಅಪ್ಪಚ್ಚನ್ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದರು, ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆಯೋ ಏನೋ. ಎಷ್ಟೋ ಹೊತ್ತಿನ ಮೇಲೆ ಬೋಟು ಮತ್ತೆ ವೇಗ ಹಿಡಿದು ತೆಂಕಣಕ್ಕೆ ಹೋಯಿತು.

“ಇವತ್ತಲ್ಲ,” ಎಂದರು ಅವರು.

ನನಗೆ ಮಧ್ಯಾಹ್ನದ ರೈಲಿತ್ತು. ಹೊರಟು ಬಸ್ ನಿಲ್ದಾಣದ ತಿರುವಿನಲ್ಲಿ ಹಿಂದೆ ತಿರುಗಿ ನೋಡಿದಾಗ ಅವರಿನ್ನೂ ಅಲ್ಲೇ ನಿಂತಿದ್ದರು, ನನಗೆ ಜಾಗ ಬಿಟ್ಟುಕೊಟ್ಟು ಸರಿದಿದ್ದ ಅದೇ ಕಡೆ.